ಸರದಿಯೂ ಅವಸರವೂ

ಕನ್ನಡ ಪಾಠ ಹೇಳುವವರಿಗೆ ಒಂದು ಚಾಳಿ ಇರುತ್ತದೆ. ಯಾವ ವಿಷಯ ಎದುರಿಗೆ ಬಂದರೂ ಮೊದಲು ಅದರ ಹೆಸರನ್ನು ಹಿಡಿದುಕೊಂಡು ಕೂತುಬಿಡುತ್ತಾರೆ. ನಾನೂ ಹಾಗೆಯೇ. 'ಅವಸರ' ಎಂಬ ಮಾತನ್ನು ನೋಡಿ. ಇಂದು ನಾವು ಅದನ್ನು ಆತುರ, ತ್ವರೆ ಎಂಬ ಅರ್ಥದಲ್ಲಿ ಬಳಸುತ್ತೇವೆ. 'ಅವಸರ ಮಾಡಬೇಡ' ಎಂದು ಮಕ್ಕಳನ್ನು ಗದರುತ್ತೇವೆ. ಆದರೆ ಸಂಸ್ಕೃತದಲ್ಲಿ ಅವಸರವೆಂದರೆ ತಕ್ಕ ಸಮಯ, ಒದಗಿಬಂದ ಸಂದರ್ಭ. ಹಳಗನ್ನಡದಲ್ಲಿಯೂ ಆ ಅರ್ಥ ಉಂಟು. ಹಿಂದಿಯವರು ಈಗಲೂ ಅದೇ ಅರ್ಥದಲ್ಲಿ ಆ ಮಾತನ್ನು ಆಡುತ್ತಾರೆ. ಸಂದರ್ಭ ಎಂಬುದು ನಮ್ಮಲ್ಲಿ ಆತುರವಾದದ್ದು ಹೇಗೆ? ಒದಗಿಬಂದ ಗಳಿಗೆ ನಮಗಾಗಿ ನಿಲ್ಲುವುದಿಲ್ಲ, ಅದನ್ನು ಹಿಡಿಯಬೇಕಾದರೆ ಓಡಬೇಕು. ಓಡಿ ಓಡಿ ಕೊನೆಗೆ ಗಳಿಗೆ ಮರೆತುಹೋಗಿ ಓಟವಷ್ಟೇ ಉಳಿಯಿತೆಂದು ನನ್ನ ಊಹೆ.

ಖಗೋಳ ವಿಜ್ಞಾನಿಗಳ ಬಳಕೆಯಲ್ಲಿ ಒಂದು ಪಾರಿಭಾಷಿಕ ಪದವಿದೆ: 'ಟಾರ್ಗೆಟ್ ಆಫ್ ಆಪರ್ಚುನಿಟಿ'. ಅದು ಸೈನ್ಯದ ಮಾತು. ಮೊದಲೇ ಗೊತ್ತುಮಾಡದೆ, ಥಟ್ಟನೆ ಕೈಗೆ ಸಿಕ್ಕುವಂತೆ ಎದುರಾದ ಗುರಿಗೆ ಸೈನಿಕರು ಕೊಟ್ಟ ಹೆಸರು. ವಿಜ್ಞಾನಿಗಳು ಅದನ್ನು ಆಕಾಶದಲ್ಲಿ ಹೇಳದೆ ಕೇಳದೆ ಕಾಣಿಸಿಕೊಳ್ಳುವ ವಸ್ತುಗಳಿಗೆ ಬಳಸಿದರು. ಕನ್ನಡಕ್ಕೆ ತರಬೇಕಾದರೆ 'ಅವಸರದ ಗುರಿ' ಎಂದರೆ ಸಾಕು. ನಮ್ಮ ಮಾತಿನ ಎರಡು ಅರ್ಥಗಳೂ ಅದರಲ್ಲಿ ಒಟ್ಟಿಗೆ ಕೂಡಿಕೊಳ್ಳುತ್ತವೆ. ಇದರ ಹಿಂದೆ ವಿಜ್ಞಾನದ್ದಲ್ಲದ ಒಂದು ಪ್ರಶ್ನೆ ಇದೆ. ಎಲ್ಲರಿಗೂ ಸೇರಿದ ಒಂದು ವಸ್ತುವನ್ನು ಸರದಿಯ ಪ್ರಕಾರ ಹಂಚಿಕೊಂಡು ನಡೆಯುತ್ತಿರುವಾಗ, 'ನನ್ನದು ಅವಸರದ ಕೆಲಸ, ನೀನು ಸ್ವಲ್ಪ ಪಕ್ಕಕ್ಕೆ ಸರಿ' ಎಂದು ಹೇಳುವ ಹಕ್ಕು ಯಾರಿಗಾದರೂ ಉಂಟೆ? ಉಂಟಾದರೆ ಅದು ಎಲ್ಲಿಂದ ಬಂತು?

ದೊಡ್ಡ ದೂರದರ್ಶಕ ಯಾವೊಬ್ಬ ವಿಜ್ಞಾನಿಯ ಸ್ವತ್ತೂ ಅಲ್ಲ. ಲಡಾಖಿನ ಹಾನ್ಲೆ ಎಂಬಲ್ಲಿ, ಸಮುದ್ರಮಟ್ಟದಿಂದ ಸುಮಾರು ೪೫೦೦ ಮೀಟರ್ ಎತ್ತರದಲ್ಲಿ, ನಮ್ಮ ದೇಶದ ಒಂದು ದೂರದರ್ಶಕವಿದೆ. ಸುಬ್ರಹ್ಮಣ್ಯನ್ ಚಂದ್ರಶೇಖರರ ನೆನಪಿಗೆ ಅದಕ್ಕೆ ಹಿಮಾಲಯನ್ ಚಂದ್ರ ದೂರದರ್ಶಕ ಎಂದು ಹೆಸರು. ಅದರ ಕನ್ನಡಿಯ ಅಡ್ಡಗಲ ಎರಡು ಮೀಟರ್. ೨೦೦೦ದಲ್ಲಿ ಅದು ಮೊದಲ ಬಾರಿಗೆ ಕಣ್ಣು ತೆರೆಯಿತು. ೨೦೦೧ರಲ್ಲಿ ದೇಶಕ್ಕೆ ಅರ್ಪಣೆಯಾಯಿತು. ಅದನ್ನು ನಡೆಸುವವರು ಬೆಂಗಳೂರಿನ ಭಾರತೀಯ ಖಗೋಳ ಭೌತ ಸಂಸ್ಥೆಯವರು. ಸ್ವಾರಸ್ಯವೆಂದರೆ, ಅದರಲ್ಲಿ ನಕ್ಷತ್ರ ನೋಡುವವರು ಲಡಾಖಿಗೆ ಹೋಗಬೇಕಾಗಿಲ್ಲ. ಬೆಂಗಳೂರಿನಿಂದ ಸುಮಾರು ೩೫ ಕಿಲೋಮೀಟರ್ ದೂರದ ಹೊಸಕೋಟೆಯ ಕೇಂದ್ರದಲ್ಲಿ ಮೇಜಿನ ಮುಂದೆ ಕುಳಿತು, ಉಪಗ್ರಹದ ಸಂಪರ್ಕದ ಮೂಲಕ ಹಿಮಾಲಯದ ಆಚೆಯ ಕನ್ನಡಿಯನ್ನು ತಿರುಗಿಸುತ್ತಾರೆ. ದೇಶದ ನಾನಾ ಕಡೆಗಳ ಸಂಶೋಧಕರು ತಿಂಗಳುಗಳ ಮುಂಚೆ ಅರ್ಜಿ ಹಾಕುತ್ತಾರೆ: ಯಾವ ನಕ್ಷತ್ರ, ಏಕೆ, ಯಾವ ಉಪಕರಣದಿಂದ, ಎಷ್ಟು ರಾತ್ರಿ. ಒಂದು ಸಮಿತಿ ಅವುಗಳನ್ನು ಓದಿ, ತೂಗಿ, ರಾತ್ರಿಗಳನ್ನು ಹಂಚುತ್ತದೆ. ವರ್ಷಕ್ಕೆ ಇರುವ ರಾತ್ರಿಗಳು ೩೬೫ ಮಾತ್ರ. ಅದರಲ್ಲಿಯೂ ಮೋಡದ ಪಾಲು ಒಂದಿಷ್ಟು. ಬೇಡುವವರು ಬಹಳ, ಕೊಡುವುದಕ್ಕಿರುವುದು ಸ್ವಲ್ಪ. ಸಿಕ್ಕಿದ ರಾತ್ರಿಗೆ ಸಂಶೋಧಕರು ಕಟ್ಟುವ ಬೆಲೆ ಎಷ್ಟೆಂಬುದನ್ನು ಇದರಿಂದ ಊಹಿಸಬಹುದು.

ಹೀಗೆ ಹಂಚಿ ಮುಗಿಸಿದ ರಾತ್ರಿಗಳ ನಡುವೆ ಅತಿಥಿ ಬರುತ್ತಾನೆ. ಅತಿಥಿ ಎಂಬ ಪದದ ವ್ಯುತ್ಪತ್ತಿಯನ್ನು ಪಂಡಿತರು ಬೇರೆ ಬೇರೆಯಾಗಿ ಹೇಳುತ್ತಾರಾದರೂ, ತಿಥಿ ವಾರ ನೋಡದೆ ಬರುವವನು ಎಂಬ ಅರ್ಥ ಜನರ ಬಾಯಲ್ಲಿ ನಿಂತಿದೆ. ಹಿಂದಿನ ಕಾಲದ ಚೀನೀಯರು ಆಕಾಶದಲ್ಲಿ ಹೊಸದಾಗಿ ಕಾಣಿಸಿಕೊಂಡ ನಕ್ಷತ್ರವನ್ನು 'ಅತಿಥಿ ನಕ್ಷತ್ರ' ಎಂದೇ ಕರೆದರು. ೧೦೫೪ರ ಜುಲೈ ತಿಂಗಳಲ್ಲಿ ಅವರು ಬರೆದಿಟ್ಟ ಅಂಥದೊಂದು ಅತಿಥಿ ೨೩ ದಿನ ಹಗಲಿನಲ್ಲಿಯೂ ಕಾಣುತ್ತಿತ್ತಂತೆ. ಈಗ ಅದರ ಅವಶೇಷವನ್ನು ವೃಷಭ ರಾಶಿಯಲ್ಲಿ ಏಡಿ ನೀಹಾರಿಕೆ ಎಂದು ಗುರುತಿಸುತ್ತಾರೆ. ಹೊಸ ನಕ್ಷತ್ರವೆಂದು ಅವರು ತಿಳಿದದ್ದು ನಿಜವಾಗಿ ಒಂದು ಹಳೆಯ ನಕ್ಷತ್ರದ ಸಾವು. ಇದನ್ನು ಇಂಗ್ಲಿಷಿನಲ್ಲಿ ಸೂಪರ್‌ನೋವಾ ಎನ್ನುತ್ತಾರೆ, ಕನ್ನಡದಲ್ಲಿ ಮಹಾನವ್ಯ.

೨೦೨೩ರ ಮೇ ೧೯ರಂದು ಜಪಾನಿನ ಹವ್ಯಾಸಿ ವೀಕ್ಷಕ ಕೊಯಿಚಿ ಇಟಗಾಕಿ ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿರುವ ಒಂದು ಗೆಲಾಕ್ಸಿಯಲ್ಲಿ ಇಂಥ ಮಹಾನವ್ಯವನ್ನು ಕಂಡರು. ಅದರ ದೂರ ಸುಮಾರು ೨.೧ ಕೋಟಿ ಜ್ಯೋತಿರ್ವರ್ಷ. ಆಕಾಶದ ಲೆಕ್ಕದಲ್ಲಿ ಅದು ನೆರೆಮನೆಯೇ. ಸುದ್ದಿ ಹಬ್ಬಿದ ಕೂಡಲೇ ಭೂಮಿಯ ನಾನಾ ಭಾಗದ ದೂರದರ್ಶಕಗಳು ಅತ್ತ ತಿರುಗಿದವು. ಮೊದಲ ದಿನಗಳಲ್ಲೇ ಹಾನ್ಲೆಯದೂ ತಿರುಗಿತು. ಏಕೆ ಅಷ್ಟು ಆತುರ? ಸಾಯುವುದಕ್ಕೆ ಮುಂಚೆ ಆ ನಕ್ಷತ್ರ ತನ್ನ ಮೈಯಿಂದ ಒಂದಿಷ್ಟು ಅನಿಲವನ್ನು ಸುತ್ತಲೂ ಉಗುಳಿಕೊಂಡಿತ್ತು. ಸ್ಫೋಟದ ಬೆಳಕು ಅದಕ್ಕೆ ತಾಗಿದಾಗ ಅದು ಹೊಳೆಯಿತು, ಬೆಳಕಿನ ರೋಹಿತದಲ್ಲಿ ಕೆಲವು ವಿಶೇಷ ಗೆರೆಗಳು ಮೂಡಿದವು. ಹಿಂದಿನಿಂದ ಬಂದ ಸ್ಫೋಟದ ಅಲೆ ಆ ಅನಿಲವನ್ನು ಗುಡಿಸಿಕೊಂಡು ಹೋಯಿತು. ಸುಮಾರು ಒಂದು ವಾರದಲ್ಲಿ ಗೆರೆಗಳು ಮಾಯ. ನಕ್ಷತ್ರ ತನ್ನ ಕೊನೆಯ ಕಾಲವನ್ನು ಹೇಗೆ ಕಳೆಯಿತು ಎಂಬುದಕ್ಕೆ ಆ ಗೆರೆಗಳೇ ಸಾಕ್ಷಿ. 'ನಿಮ್ಮ ಸರದಿ ಮುಂದಿನ ತಿಂಗಳು ಬರುತ್ತದೆ, ಆಗ ನೋಡಿ' ಎಂದಿದ್ದರೆ ಮಹಾನವ್ಯವೇನೋ ಇರುತ್ತಿತ್ತು, ಆದರೆ ಅದು ಹೇಳಬೇಕಾಗಿದ್ದ ಮಾತು ಮುಗಿದುಹೋಗಿರುತ್ತಿತ್ತು.

ಇದಕ್ಕಿಂತ ಹತ್ತಿರದ ಅತಿಥಿ ಬಂದದ್ದು ೧೯೮೭ರ ಫೆಬ್ರವರಿಯಲ್ಲಿ. ಚಿಲಿ ದೇಶದ ಲಾಸ್ ಕಂಪಾನಾಸ್ ಬೆಟ್ಟದ ಮೇಲೆ ಇಯಾನ್ ಶೆಲ್ಟನ್ ಎಂಬಾತ ಒಂದು ಛಾಯಾಫಲಕ ತೆಗೆದು ನೋಡಿದಾಗ, ಇರಬಾರದ ಕಡೆ ಒಂದು ನಕ್ಷತ್ರವಿತ್ತು. ೧೬೦೪ರಲ್ಲಿ ಕೆಪ್ಲರ್ ನೋಡಿದ ನಕ್ಷತ್ರದ ನಂತರ ಬರಿಗಣ್ಣಿಗೆ ಕಾಣುವ ಮಹಾನವ್ಯ ಅದೇ ಮೊದಲನೆಯದು. ಅದು ದಕ್ಷಿಣ ಧ್ರುವದ ಕಡೆಯ ಆಕಾಶದಲ್ಲಿದ್ದದ್ದರಿಂದ ಉತ್ತರದ ದೊಡ್ಡ ದೊಡ್ಡ ದೂರದರ್ಶಕಗಳಿಗೆ ಅದು ಎಟುಕಲೇ ಇಲ್ಲ. ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿರುವ ಕಾವಲೂರಿನ ವೀಕ್ಷಣಾಲಯದಿಂದ ಅದು ದಿಗಂತದ ಮೇಲೆ ಏಳೆಂಟು ಡಿಗ್ರಿಗಿಂತ ಹೆಚ್ಚು ಏರುತ್ತಿರಲಿಲ್ಲ. ತೋಳು ನೀಡಿ ಮುಷ್ಟಿ ಹಿಡಿದರೆ ಆಗುವ ಅಗಲಕ್ಕಿಂತ ಅದು ಕಡಿಮೆ. ಅಷ್ಟರಲ್ಲೇ ಅಲ್ಲಿನವರು ಅದನ್ನು ಹಿಡಿದು ಅದರ ರೋಹಿತವನ್ನು ದಾಖಲಿಸಿದರು. ನಮ್ಮ ಹೆಗ್ಗಡದೇವನಕೋಟೆಯ ಅಕ್ಷಾಂಶವೂ ಕಾವಲೂರಿನದೂ ಹೆಚ್ಚು ಕಡಿಮೆ ಒಂದೇ. ಆ ದಿನಗಳಲ್ಲಿ ಸಂಜೆಯ ಮೇಲೆ ದಕ್ಷಿಣಕ್ಕೆ ತೆರೆದ ಬಯಲಲ್ಲಿ ನಿಂತಿದ್ದರೆ ಅದು ನಮಗೂ ಕಾಣಬಹುದಾಗಿತ್ತು. ಆದರೆ ಕೋಟೆಯ ತಾಲ್ಲೂಕಿನಲ್ಲಿ ದಕ್ಷಿಣವೆಂದರೆ ಕಾಡು, ಅದರಾಚೆ ವಯನಾಡಿನ ಬೆಟ್ಟ.

ಈಗ ಆತುರದ ಬಗ್ಗೆ ಒಂದು ತಮಾಷೆಯ ಆಕ್ಷೇಪಣೆ ಬರುತ್ತದೆ. ೧೯೮೭ರ ಆ ನಕ್ಷತ್ರದ ದೂರ ೧.೬ ಲಕ್ಷ ಜ್ಯೋತಿರ್ವರ್ಷಕ್ಕೂ ಹೆಚ್ಚು. ಎಂದರೆ ಅದು ಸಿಡಿದದ್ದು ಮನುಷ್ಯ ಬೇಸಾಯವನ್ನು ಕಲಿಯುವುದಕ್ಕೂ ಬಹಳ ಹಿಂದೆ. ಇಷ್ಟು ಹಳೆಯ ಸಂಗತಿಗೆ ನಡುರಾತ್ರಿಯಲ್ಲಿ ಒಬ್ಬರ ಕೆಲಸ ನಿಲ್ಲಿಸಿ ಓಡುವುದು ಹಾಸ್ಯಾಸ್ಪದವಲ್ಲವೆ? ಆಕ್ಷೇಪಣೆ ತಮಾಷೆಯದಾದರೂ ಅದರಲ್ಲಿ ಒಂದು ತಿಳಿವಳಿಕೆ ಇದೆ. ಅವಸರ ಆಕಾಶದ್ದಲ್ಲ, ನಮ್ಮದು. ಬೆಳಕು ತನ್ನ ಪಾಡಿಗೆ ತಾನು ಬರುತ್ತದೆ, ಹೋಗುತ್ತದೆ; ನೋಡಿದರೂ ಅಷ್ಟೆ, ಬಿಟ್ಟರೂ ಅಷ್ಟೆ. 'ಇದು ತಪ್ಪಿದರೆ ಮತ್ತೆ ಸಿಕ್ಕದು' ಎಂದು ತೀರ್ಮಾನಿಸುವವರು ನಾವು. ಆದ್ದರಿಂದ ಅವಸರವೆಂಬುದು ಪ್ರಕೃತಿ ಹೊರಡಿಸಿದ ಆಜ್ಞೆಯಲ್ಲ, ಮನುಷ್ಯ ಮಾಡಿದ ಒಂದು ಬೆಲೆಕಟ್ಟು. ಬೆಲೆಕಟ್ಟಿದವರು ತಮ್ಮ ಲೆಕ್ಕವನ್ನು ಇನ್ನೊಬ್ಬರ ಮುಂದೆ ಇಡಬೇಕು. 'ಅವಸರ' ಎಂದು ಕೂಗಿದರೆ ಮಾತು ಮುಗಿಯಿತು ಎನ್ನುವಂತಿಲ್ಲ.

ವಿಜ್ಞಾನಿಗಳು ಈ ಲೆಕ್ಕವನ್ನು ಒಪ್ಪಿಸುವ ರೀತಿ ನನಗೆ ಬಹಳ ಹಿಡಿಸಿತು. ಅವರು ಅವಸರಕ್ಕೂ ಮುಂಚಿತವಾಗಿಯೇ ಅರ್ಜಿ ಹಾಕುತ್ತಾರೆ! ಕೇಳುವುದಕ್ಕೆ ವಿರೋಧಾಭಾಸದಂತಿದೆ. ಇನ್ನೂ ಹುಟ್ಟದ ಅತಿಥಿಗಾಗಿ ಎಲ್ಲರ ಜೊತೆಗೆ, ಎಲ್ಲರಂತೆಯೇ ಬರೆದುಕೊಡುತ್ತಾರೆ: ಇಂಥ ಬಗೆಯ ವಸ್ತು, ಇಷ್ಟಕ್ಕಿಂತ ಹೆಚ್ಚು ಪ್ರಕಾಶದಲ್ಲಿ, ಆಕಾಶದ ಇಂಥ ಭಾಗದಲ್ಲಿ ಕಾಣಿಸಿಕೊಂಡರೆ, ಇಷ್ಟು ಗಂಟೆಗಳೊಳಗೆ ನಮಗೆ ದೂರದರ್ಶಕ ಬೇಕು, ಇಂಥ ಉಪಕರಣ, ಇಷ್ಟು ಹೊತ್ತು, ಮತ್ತೆ ಇಂತಿಷ್ಟು ದಿನ ಬಿಟ್ಟು ಇನ್ನೊಮ್ಮೆ. ತಡವಾದರೆ ಕಳೆದುಹೋಗುವುದು ಏನು ಎಂಬುದನ್ನೂ ಬರೆಯಬೇಕು. ಸಮಿತಿ ಅದನ್ನು ಬೇರೆ ಅರ್ಜಿಗಳ ಜೊತೆಯಲ್ಲಿಯೇ ತೂಗುತ್ತದೆ. ಅತಿಥಿ ಬಂದ ದಿನ ವಾದವಿಲ್ಲ. ವಸ್ತು ದಿಗಂತದ ಮೇಲಿದೆಯೆ, ಚಂದ್ರನ ಬೆಳಕು ಅಡ್ಡ ಬರುವುದೆ, ಬೇಕಾದ ಉಪಕರಣ ದೂರದರ್ಶಕಕ್ಕೆ ಜೋಡಿಸಿದೆಯೆ, ಷರತ್ತಿನ ಒಳಗೆ ಬರುತ್ತದೆಯೆ, ಇಷ್ಟನ್ನು ನೋಡುತ್ತಾರೆ. ಬಂದರೆ ಕನ್ನಡಿ ತಿರುಗುತ್ತದೆ. ಚಿಲಿಯ ಪರಾನಾಲ್‌ನಲ್ಲಿರುವ ಐರೋಪ್ಯರ ಬೃಹತ್ ದೂರದರ್ಶಕಗಳಲ್ಲಿ ಈ ಕೆಲಸ ಎಷ್ಟು ಪಳಗಿದೆಯೆಂದರೆ, ಕೆಲವು ಬಗೆಯ ಕರೆಗಳಿಗೆ ನಡೆಯುತ್ತಿರುವ ವೀಕ್ಷಣೆ ನಿಂತು ಕೆಲವೇ ನಿಮಿಷಗಳಲ್ಲಿ ಹೊಸದು ಆರಂಭವಾಗುತ್ತದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ನಮ್ಮ ಗಾದೆ ಹಾಸ್ಯಮಾಡುತ್ತದೆ. ಇವರು ಬೆಂಕಿ ಬೀಳುವ ಮುಂಚೆ ಬಾವಿ ತೋಡಿದ್ದಲ್ಲದೆ, ಬೆಂಕಿ ಬಿದ್ದ ದಿನ ಯಾರ ಬಿಂದಿಗೆಯನ್ನು ಪಕ್ಕಕ್ಕಿಟ್ಟು ಯಾರ ಬಿಂದಿಗೆ ತುಂಬಬೇಕೆಂಬುದನ್ನೂ ಬರೆದಿಟ್ಟಿದ್ದಾರೆ.

೨೦೧೭ರ ಆಗಸ್ಟ್ ೧೭ರಂದು ಈ ಏರ್ಪಾಟಿಗೆ ದೊಡ್ಡ ಪರೀಕ್ಷೆ ಒದಗಿತು. ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದನ್ನೊಂದು ಸುತ್ತುತ್ತ ಬಂದು ಡಿಕ್ಕಿ ಹೊಡೆದ ಗುರುತ್ವದ ಅಲೆ ಅಮೆರಿಕದ ಲೈಗೋ ಮತ್ತು ಇಟಲಿಯ ವರ್ಗೋ ಕೇಂದ್ರಗಳಿಗೆ ಮುಟ್ಟಿತು. ಎರಡು ಸೆಕೆಂಡು ಕಳೆಯುವುದರೊಳಗೆ ಉಪಗ್ರಹವೊಂದು ಗಾಮಾ ಕಿರಣಗಳ ಮಿಂಚನ್ನು ಕಂಡಿತು. ಸುಮಾರು ೧೧ ಗಂಟೆಗಳ ಮೇಲೆ, ಅದೇ ಲಾಸ್ ಕಂಪಾನಾಸ್ ಬೆಟ್ಟದ ಒಂದು ಮೀಟರಿನ ದೂರದರ್ಶಕ ೧೩ ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯಲ್ಲಿ ಅದರ ಬೆಳಕನ್ನು ಗುರುತಿಸಿತು. ಆ ಗೆಲಾಕ್ಸಿ ಸೂರ್ಯನಿಗೆ ಸಮೀಪದ ದಿಕ್ಕಿನಲ್ಲಿದ್ದು ಸಂಜೆಯ ನಂತರ ಸ್ವಲ್ಪ ಹೊತ್ತು ಮಾತ್ರ ಕಾಣುತ್ತಿತ್ತು. ನೀಲಿಯಾಗಿದ್ದ ಬೆಳಕು ಕೆಲವೇ ದಿನಗಳಲ್ಲಿ ಕೆಂಪಾಗಿ ಕುಂದಿತು. ಸುಮಾರು ೭೦ ವೀಕ್ಷಣಾಲಯಗಳು ಅದನ್ನು ಹಿಂಬಾಲಿಸಿದವು. ಪುಣೆಯ ಬಳಿಯ ನಮ್ಮ ಬೃಹತ್ ರೇಡಿಯೋ ದೂರದರ್ಶಕವೂ ಅವುಗಳಲ್ಲಿ ಒಂದು. ಚಿನ್ನದಂಥ ಭಾರವಾದ ಧಾತುಗಳು ಹುಟ್ಟುವ ಜಾಗಗಳಲ್ಲಿ ಇದೂ ಒಂದೆಂದು ಆಗ ತಿಳಿಯಿತು. ಹೆಂಗಸರ ಕೊರಳಿನ ಸರಕ್ಕೆ ಇಂಥ ಒಂದು ಹಿನ್ನೆಲೆ ಇದ್ದೀತೆಂದು ಯಾವ ಅಕ್ಕಸಾಲಿ ಊಹಿಸಿದ್ದ?

ಇಷ್ಟೆಲ್ಲ ಅತಿಥಿಯ ವೈಭವವಾಯಿತು. ಪಕ್ಕಕ್ಕೆ ಸರಿದವರ ಕಥೆ ಏನು? ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದೇ ಅಲ್ಲಿಂದ. ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿ ಬಿ.ಎಸ್ಸಿ. ಓದುವಾಗ ನನ್ನ ಕನ್ನಡ ತರಗತಿಯಲ್ಲಿ ಕುಳಿತಿದ್ದವಳು, ಮುಂದೆ ಖಗೋಳ ವಿಜ್ಞಾನದ ಸಂಶೋಧನೆಗೆ ಸೇರಿದಳು. ಊರಿಗೆ ಬಂದಾಗ ಕಂಡು ಮಾತನಾಡಿಸಿ ಹೋಗುತ್ತಾಳೆ. ಅವಳ ಅಭ್ಯಾಸದ ವಸ್ತು ಒಂದು ಸಾಧಾರಣ ನಕ್ಷತ್ರ. ಅದು ನಿಧಾನವಾಗಿ ಉಸಿರಾಡುವಂತೆ ಹಿಗ್ಗಿ ಕುಗ್ಗುತ್ತಿರುತ್ತದೆ. ಆ ಉಸಿರಿನ ಲಯವನ್ನು ಅಳೆದರೆ ನಕ್ಷತ್ರದ ಒಳಗಿನ ರಚನೆ ತಿಳಿಯುತ್ತದೆ. ಅದಕ್ಕೆ ಸತತವಾಗಿ ಮೂರು ರಾತ್ರಿ ನೋಡಬೇಕು. ದೊಡ್ಡ ದೂರದರ್ಶಕವೊಂದರಲ್ಲಿ, ಯಾವುದೆಂಬುದು ಇಲ್ಲಿ ಬೇಡ, ಅವಳಿಗೆ ಆ ಮೂರು ರಾತ್ರಿ ದೊರೆತವು. ನಡುವಿನ ರಾತ್ರಿ ಒಂದು ಅವಸರದ ಕರೆ ಬಂತು. ಮೂರು ಗಂಟೆ ಹೋಯಿತು. ಆ ಹೊತ್ತಿಗೆ ಮೇಜಿನ ಮುಂದೆ ಇದ್ದವಳು ಅವಳೇ ಆದ್ದರಿಂದ, ತನ್ನ ನಕ್ಷತ್ರವನ್ನು ಬಿಟ್ಟು ಬೇರೆಯವರ ಅತಿಥಿಯನ್ನು ತಾನೇ ನೋಡಿ ದಾಖಲಿಸಿಕೊಟ್ಟಳು.

"ಬೇಜಾರಾಗಲಿಲ್ಲವೇನಮ್ಮ?" ಎಂದೆ.

"ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ ಸರ್. ಆದರೆ ಅರ್ಜಿ ಹಾಕುವಾಗ ನಿಯಮ ನಾನೂ ಓದಿದ್ದೆ. ನಾಳೆ ನಾನು ಕಾಯುತ್ತಿರೋದು ಏನಾದರೂ ಸಿಡಿದರೆ ನಾನೂ ಇನ್ನೊಬ್ಬರ ರಾತ್ರಿ ಕೇಳುತ್ತೇನಲ್ಲ."

ಅಮೆರಿಕದ ತತ್ತ್ವಜ್ಞಾನಿ ಜಾನ್ ರಾಲ್ಸ್ ೧೯೭೧ರಲ್ಲಿ ಪ್ರಕಟಿಸಿದ ನ್ಯಾಯಸಿದ್ಧಾಂತದ ದೊಡ್ಡ ಗ್ರಂಥದಲ್ಲಿ ಹೇಳಿದ್ದೂ ಸ್ಥೂಲವಾಗಿ ಇದೇ: ತಾನು ಯಾವ ಜಾಗದಲ್ಲಿ ನಿಲ್ಲುತ್ತೇನೆಂದು ಗೊತ್ತಿಲ್ಲದಿರುವಾಗ ಒಪ್ಪಿಕೊಳ್ಳುವ ನಿಯಮವೇ ನ್ಯಾಯವಾದ ನಿಯಮ. ನಮ್ಮ ಹುಡುಗಿ ರಾಲ್ಸನನ್ನು ಓದಿದವಳಲ್ಲ. ಅವಳ ಅಪ್ಪ ಹೊಗೆಸೊಪ್ಪು ಬೆಳೆಯುವವರು.

ಸೊಪ್ಪಿನ ಮಾತು ಬಂದದ್ದರಿಂದ ಹೇಳುತ್ತೇನೆ. ಪಿರಿಯಾಪಟ್ಟಣ, ಹುಣಸೂರುಗಳ ಕಡೆ ಹೋದವರು ಹೊಲದ ನಡುವೆ ಎತ್ತರದ, ಕಿಟಕಿ ಇಲ್ಲದ ಮನೆಗಳನ್ನು ನೋಡಿರಬಹುದು. ಅವು ಸೊಪ್ಪು ಹದ ಮಾಡುವ ಬ್ಯಾರನ್‌ಗಳು. ಹಸಿರೆಲೆಯನ್ನು ಕಡ್ಡಿಗೆ ಕಟ್ಟಿ ಒಳಗೆ ಏರಿಸಿ ಬೆಂಕಿ ಹಾಕಿದರೆ, ಹಲವು ದಿನ ರಾತ್ರಿ ಹಗಲು ಶಾಖವನ್ನು ಕ್ರಮವಾಗಿ ಏರಿಸುತ್ತ ಹೋಗಬೇಕು. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಒಣಗಬೇಕು, ಕಡೆಗೆ ನಡುವಿನ ದಂಟು ಒಣಗಬೇಕು. ನಡುವೆ ಬೆಂಕಿ ತಗ್ಗಿದರೆ ಎಲೆಯ ಬಣ್ಣ ಕೆಡುತ್ತದೆ. ಆಮೇಲೆ ಎಷ್ಟು ಸೌದೆ ಹಾಕಿದರೂ ಅದು ತಿರುಗಿ ಬರುವುದಿಲ್ಲ. ಬಡಪಾಯಿ ನಕ್ಷತ್ರದ ಮೂರು ರಾತ್ರಿಗಳ ಕೆಲಸವೂ ಅಂಥದೇ. ಕಳೆದುಹೋದ ಮೂರು ಗಂಟೆಯನ್ನು ಮುಂದಿನ ತಿಂಗಳು ಎಣಿಸಿ ಹಿಂತಿರುಗಿಸಿದರು. ಲೆಕ್ಕ ಸರಿಹೋಯಿತು, ಆದರೆ ಲಯದ ನಡುವೆ ಬಿದ್ದ ಬಿರುಕು ಹಾಗೆಯೇ ಉಳಿಯಿತು. ಥಟ್ಟನೆ ಬಂದು ಹೋಗುವುದಕ್ಕೆ ಮಾತ್ರ ಗಳಿಗೆ ಉಂಟು, ಎಡೆಬಿಡದೆ ನಡೆಯುವುದಕ್ಕೆ ಇಲ್ಲ ಎಂದು ನಾವು ತಿಳಿಯುತ್ತೇವೆ. ಅದು ತಪ್ಪು. ಸತತವಾದುದಕ್ಕೂ ಅದರದೇ ಆದ ಅವಸರವಿದೆ. ಅದು ಸದ್ದು ಮಾಡುವುದಿಲ್ಲ ಅಷ್ಟೆ.

ಹಾಗಾದರೆ ತೀರ್ಮಾನ ಮಾಡುವವರು ಯಾರು? ಇದಕ್ಕೆ ಉತ್ತರ ನಮ್ಮ ಸೀಮೆಯಲ್ಲೇ ಹಳೆಯದೊಂದು ಉಂಟು. ಕೃಷ್ಣರಾಜನಗರದ ಕಡೆ ಕಾವೇರಿಗೆ ಕಟ್ಟಿದ ಹಳೆಯ ಅಣೆಕಟ್ಟೆಗಳ ನಾಲೆಗಳಿವೆ, ಭತ್ತದ ಬಯಲುಗಳಿವೆ. ನಾಲೆಯ ನೀರಾಗಲಿ ಕೆರೆಯ ನೀರಾಗಲಿ ಸರದಿಯ ಮೇಲೆ ಗದ್ದೆಗಳಿಗೆ ಹಾಯಬೇಕು. ಹಾಯಿಸುವವನು ನೀರುಗಂಟಿ. ನೀರು ಕಡಮೆಯಾದ ವರ್ಷ ಸರದಿ ಬಿಗಿಯಾಗುತ್ತದೆ. ಆಗ ಒಬ್ಬನ ಗದ್ದೆ ಹೊಡೆಗೆ ಬಂದಿರುತ್ತದೆ. ತೆನೆ ಹೊರಡುವ ಆ ನಾಲ್ಕಾರು ದಿನ ನೀರು ತಪ್ಪಿದರೆ ಕಾಳು ಜೊಳ್ಳಾಗುತ್ತದೆ, ಆಮೇಲೆ ಹೊಳೆಯನ್ನೇ ತಿರುಗಿಸಿದರೂ ಪ್ರಯೋಜನವಿಲ್ಲ. ಪಕ್ಕದವನ ಗದ್ದೆ ಎರಡು ದಿನ ತಾಳೀತು. ಆಗ ನೀರುಗಂಟಿ ಸರದಿಯನ್ನು ಮುರಿದು ಹೊಡೆಯ ಗದ್ದೆಗೆ ಮಡೆ ತಿರುಗಿಸುತ್ತಾನೆ. ಗಮನಿಸಬೇಕಾದದ್ದೆಂದರೆ, ಮಡೆ ತಿರುಗಿಸುವವನು ಗದ್ದೆಯ ಒಡೆಯನಲ್ಲ. ಒಡೆಯನೇ ರಾತ್ರಿ ಗುದ್ದಲಿ ಹಿಡಿದು ಹೋಗಿ ತಿರುಗಿಸಿಕೊಂಡರೆ ಅದಕ್ಕೆ ಅವಸರ ಎನ್ನುವುದಿಲ್ಲ, ಕಳ್ಳತನ ಎನ್ನುತ್ತಾರೆ. ನೀರು ಅದೇ, ಗದ್ದೆ ಅದೇ, ಅಗತ್ಯವೂ ಅದೇ. ಆದರೂ ಒಂದು ನ್ಯಾಯ, ಇನ್ನೊಂದು ಅನ್ಯಾಯ. ನೀರು ಹಂಚುವವನಿಗೆ ಅನೇಕ ವೇಳೆ ಆ ಬಯಲಿನಲ್ಲಿ ತನ್ನದೆಂಬ ಗದ್ದೆಯೇ ಇರುತ್ತಿರಲಿಲ್ಲ. ಅದು ಬೇರೆಯದೇ ಒಂದು ನ್ಯಾಯದ ಪ್ರಶ್ನೆ, ನಾವು ಇನ್ನೂ ಪೂರ್ತಿ ಉತ್ತರಿಸದ ಪ್ರಶ್ನೆ.

ಇದರಿಂದ ನನಗೆ ತೋರುವುದಿಷ್ಟು. ಅವಸರವೆಂಬುದು ಹಕ್ಕಾಗಬೇಕಾದರೆ ಮೂರು ಸಂಗತಿ ಕೂಡಬೇಕು. ತಡವಾದರೆ ನಿಜವಾಗಿ ಕಳೆದುಹೋಗುವಂಥದು ಅದಾಗಿರಬೇಕು. ಬರಿಯ ಅಪರೂಪವಾದರೆ ಸಾಲದು, ದೊಡ್ಡವರದ್ದಾದರೆ ಸಾಲದು. ಅದನ್ನು ತೀರ್ಮಾನಿಸುವವನು ಅದರಿಂದ ಲಾಭ ಪಡೆಯುವವನಾಗಿರಬಾರದು. ಮೂರನೆಯದಾಗಿ, ನಿಯಮ ಅವಸರವಿಲ್ಲದ ದಿನ ಹುಟ್ಟಿರಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಸುಳ್ಳಲ್ಲ. ಅವಸರದ ನಡುವೆ ಮಾಡಿದ ನಿಯಮಕ್ಕೆ ನಿಯಮದ ಹೆಸರಿದ್ದರೂ ಅದು ಗೆದ್ದವನ ಇಷ್ಟವೇ ಆಗಿರುತ್ತದೆ.

ನಮ್ಮ ಊರಿನ ರಸ್ತೆಗೆ ಈ ಅಳತೆಗೋಲನ್ನು ಹಿಡಿದು ನೋಡಬಹುದು. ಹೆಗ್ಗಡದೇವನಕೋಟೆಯಿಂದ ಮೈಸೂರಿನ ಆಸ್ಪತ್ರೆಗೆ ಆಂಬುಲೆನ್ಸ್ ಬರುತ್ತಿದ್ದರೆ ಬಸ್ಸೂ ಲಾರಿಯೂ ಪಕ್ಕಕ್ಕೆ ಸರಿಯುತ್ತವೆ. ಯಾರೂ ಗೊಣಗುವುದಿಲ್ಲ, ನಾಳೆ ಅದರೊಳಗೆ ನಾವೇ ಮಲಗಿರಬಹುದು ಎಂಬುದು ಎಲ್ಲರಿಗೂ ಗೊತ್ತು. ದೊಡ್ಡ ಮನುಷ್ಯರ ಕಾರಿನ ಸಾಲಿಗಾಗಿ ಅದೇ ರಸ್ತೆಯನ್ನು ನಿಲ್ಲಿಸಿದಾಗ ಗೊಣಗುತ್ತೇವೆ. ಅವರ ಕಾರುಗಳ ನೆತ್ತಿಯ ಮೇಲಿನ ಕೆಂಪು ದೀಪವನ್ನು ೨೦೧೭ರ ಮೇ ೧ರಿಂದ ತೆಗೆಸಿದರು, ತುರ್ತು ಸೇವೆಯ ವಾಹನಗಳಿಗೆ ಮಾತ್ರ ದೀಪ ಉಳಿಯಿತು. ಅದೊಂದು ತಾತ್ತ್ವಿಕ ತೀರ್ಮಾನವೆಂದು ನಾನು ತಿಳಿಯುತ್ತೇನೆ: ಪದವಿ ಬೇರೆ, ಅವಸರ ಬೇರೆ. ರೈಲಿನ ತತ್ಕಾಲ್ ಟಿಕೆಟು ಇನ್ನೊಂದು ಬಗೆ. ಅಲ್ಲಿ ಅವಸರಕ್ಕೆ ಬೆಲೆ ಕಟ್ಟಿ ಮಾರುತ್ತಾರೆ. ತಾಯಿಯ ಮುಖ ನೋಡಲು ಓಡುವವನೂ ಮದುವೆಯೂಟಕ್ಕೆ ಹೊರಟವನೂ ಅಲ್ಲಿ ಒಂದೇ, ಕೇಳುವುದು ಹಣವೊಂದನ್ನೇ. ದೂರದರ್ಶಕದ ವೇಳೆಯನ್ನು ಹೀಗೆ ಹಣಕ್ಕೆ ಕೊಡದೆ ಕಾರಣ ಕೇಳಿ ಕೊಡುತ್ತಾರಲ್ಲ, ಅದರಿಂದ ನಾವು ಕಲಿಯಬೇಕಾದದ್ದಿದೆ.

ಇಲ್ಲಿ ಓದುಗರು ಒಂದು ಪ್ರಶ್ನೆ ಹಾಕಬಹುದು. ಮುಂಚೆಯೇ ಊಹಿಸಿ ನಿಯಮ ಬರೆಯಬಹುದಾದ ಅತಿಥಿಗಳೇನೋ ಸರಿ. ಯಾರೂ ಊಹಿಸದ ಅತಿಥಿ ಬಂದರೆ? ನಿಯಮದ ಪುಸ್ತಕದಲ್ಲಿ ಹೆಸರಿಲ್ಲವೆಂದು ಬಾಗಿಲು ಹಾಕುವುದೆ? ಇದಕ್ಕಾಗಿಯೇ ಅನೇಕ ವೀಕ್ಷಣಾಲಯಗಳಲ್ಲಿ ಒಂದಿಷ್ಟು ವೇಳೆಯನ್ನು ಯಾರಿಗೂ ಹಂಚದೆ ನಿರ್ದೇಶಕರ ವಿವೇಚನೆಗೆ ಬಿಟ್ಟಿರುತ್ತಾರೆ. ನಮ್ಮ ಅಜ್ಜಿಯರು ಅಳೆದು ಅಕ್ಕಿ ಹಾಕುವಾಗ ಇನ್ನೊಂದು ಹಿಡಿ ಸೇರಿಸುತ್ತಿದ್ದಂತೆ. ಈ ವೇಳೆಯ ಬಹಳ ಪ್ರಸಿದ್ಧವಾದ ಉಪಯೋಗ ಅವಸರಕ್ಕೆ ಆದದ್ದಲ್ಲ. ೧೯೯೫ರ ಡಿಸೆಂಬರಿನಲ್ಲಿ ಹಬಲ್ ದೂರದರ್ಶಕದ ಸಂಸ್ಥೆಯ ನಿರ್ದೇಶಕರಾಗಿದ್ದ ರಾಬರ್ಟ್ ವಿಲಿಯಮ್ಸ್ ತಮ್ಮ ಪಾಲಿನ ವೇಳೆಯನ್ನು ಬಳಸಿ, ಸಪ್ತರ್ಷಿ ಮಂಡಲದಲ್ಲಿ ಹೆಚ್ಚುಕಡಿಮೆ ಬರಿದಾಗಿ ಕಾಣುವ ಒಂದು ಚೂರು ಆಕಾಶವನ್ನು ಹತ್ತು ದಿನ ಒಂದೇ ಸಮನೆ ನೋಡಿಸಿದರು. ಏನೂ ಇಲ್ಲವೆಂದುಕೊಂಡಿದ್ದ ಕಡೆ ಸಾವಿರಾರು ಗೆಲಾಕ್ಸಿಗಳು ಕಂಡವು. ಅವಸರಕ್ಕೆಂದು ತೆಗೆದಿಡಬಹುದಾದ ಬಿಡುವನ್ನು ಅವರು ತಾಳ್ಮೆಗೆ ಕೊಟ್ಟರು.

ಮುಂದಿನ ದಿನಗಳಲ್ಲಿ ಈ ಪ್ರಶ್ನೆ ಇನ್ನೂ ಕಠಿಣವಾಗಲಿದೆ. ಹಾನ್ಲೆಯಲ್ಲಿ ೨೦೧೮ರಿಂದ ೭೦ ಸೆಂಟಿಮೀಟರಿನ ಸ್ವಯಂಚಾಲಿತ ದೂರದರ್ಶಕವೊಂದು ಇಂಥ ಅತಿ ಕ್ಷಣಿಕ ವಸ್ತುಗಳ ಬೆನ್ನು ಹತ್ತುವುದಕ್ಕೆಂದೇ ನಿಂತಿದೆ. ಅವಸರಕ್ಕೆ ಬೇರೆಯೇ ಒಂದು ಬಾಗಿಲು ಮಾಡಿಕೊಟ್ಟರೆ ಉಳಿದವರ ಸರದಿಗೆ ತೊಂದರೆ ಕಡಮೆ, ಇದು ಜಾಣತನ. ಆದರೆ ಚಿಲಿಯಲ್ಲಿ ೨೦೨೫ರ ಜೂನಿನಲ್ಲಿ ಮೊದಲ ಚಿತ್ರಗಳನ್ನು ತೋರಿಸಿದ ರೂಬಿನ್ ವೀಕ್ಷಣಾಲಯವನ್ನು ರಾತ್ರಿಯೊಂದಕ್ಕೆ ಸುಮಾರು ಒಂದು ಕೋಟಿ ಬದಲಾವಣೆಗಳ ಸೂಚನೆ ಕೊಡುವ ಉದ್ದೇಶದಿಂದ ಕಟ್ಟಿದ್ದಾರೆ. ಒಂದು ಕೋಟಿ ಅತಿಥಿಗಳು ಒಂದೇ ರಾತ್ರಿ ಬಾಗಿಲು ತಟ್ಟಿದರೆ ಮನೆಯವರು ಏನು ಮಾಡಬೇಕು? ಎಲ್ಲವೂ ಅವಸರವಾದಲ್ಲಿ ಅವಸರವೆಂಬುದಕ್ಕೆ ಅರ್ಥವೇ ಇಲ್ಲ. ಯಾವುದಕ್ಕೆ ಎದ್ದು ಹೋಗಬೇಕು ಎಂಬುದಕ್ಕಿಂತ ಯಾವುದನ್ನು ಬಿಡಬೇಕು ಎಂಬುದು ಅಲ್ಲಿಯ ವಿದ್ಯೆಯಾಗುತ್ತದೆ.

ನಮ್ಮ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಜೇಬಿನಲ್ಲಿ ಫೋನು ಗುಣುಗುಟ್ಟುತ್ತದೆ. ಪ್ರತಿಯೊಂದು ಸಂದೇಶವೂ 'ಅರ್ಜೆಂಟ್'. ಕಚೇರಿಯ ಸುತ್ತೋಲೆಗಳೆಲ್ಲ 'ಅತಿ ಜರೂರು'. ಮಗನಿಗೆ ಲೆಕ್ಕ ಹೇಳಿಕೊಡುತ್ತಿದ್ದ ತಂದೆ ಎದ್ದು ಹೋಗುತ್ತಾನೆ, ವಯಸ್ಸಾದ ತಾಯಿ ಹೇಳುತ್ತಿದ್ದ ಮಾತು ಅರ್ಧಕ್ಕೆ ನಿಲ್ಲುತ್ತದೆ. ಆಮೇಲೆ ಬಂದು 'ಎಲ್ಲಿಗೆ ಬಂದಿತ್ತಮ್ಮ?' ಎಂದು ಕೇಳಿದರೆ ಆಕೆ 'ಏನಿಲ್ಲ ಬಿಡಪ್ಪ' ಎನ್ನುತ್ತಾಳೆ. ಬ್ಯಾರನ್ನಿನ ಬೆಂಕಿ ತಗ್ಗಿದ್ದು ಅಲ್ಲಿಯೇ. ನಾವು ಯಾವ ಸಮಿತಿಯನ್ನು ಕೇಳಿ ಎದ್ದುಹೋದೆವು? ಯಾವ ನಿಯಮವನ್ನು ಮುಂಚೆ ಬರೆದಿಟ್ಟುಕೊಂಡಿದ್ದೆವು? ಆಕಾಶವನ್ನು ನೋಡುವವರು ಒಂದು ಯಂತ್ರದ ಮೂರು ಗಂಟೆಗೆ ತೋರಿಸುವ ಎಚ್ಚರವನ್ನು ನಾವು ಒಂದು ಮನೆಯ ಸಂಜೆಗೆ ತೋರಿಸುವುದಿಲ್ಲ.

ನಿಯಮಗಳು ಎಷ್ಟು ಒಳ್ಳೆಯವಾದರೂ ಅವುಗಳಿಂದ ಸಾಧ್ಯವಾಗದ ಒಂದು ಕೆಲಸ ಇದೆ. ನನ್ನ ವಿದ್ಯಾರ್ಥಿನಿ ಆ ರಾತ್ರಿಯ ವಿಷಯ ಹೇಳುತ್ತ, "ಅವರು ಥ್ಯಾಂಕ್ಸ್ ಹೇಳಿದರು ಸರ್, ಲೇಖನದಲ್ಲಿ ನನ್ನ ಹೆಸರೂ ಹಾಕಿದರು. ಆದರೆ ನಿನ್ನ ಕೆಲಸ ಏನಿತ್ತು ಅಂತ ಒಬ್ಬರೂ ಕೇಳಲಿಲ್ಲ" ಎಂದಿದ್ದಳು. ವೇಳೆಯನ್ನು ವೇಳೆಯಿಂದ ತುಂಬಬಹುದು, ಉಪಕಾರವನ್ನು ಹೆಸರಿನಿಂದ ತೀರಿಸಬಹುದು. ನಿಯಮ ಅಲ್ಲಿಯವರೆಗೆ ಬರುತ್ತದೆ. ಮುಂದಿನದು ನಮ್ಮ ಮೇಲಿದೆ. ಅವಸರದಲ್ಲಿ ಇನ್ನೊಬ್ಬರ ಸರದಿಯನ್ನು ದಾಟಿ ಹೋಗಬೇಕಾಗಿ ಬಂದವರು, ಕೆಲಸ ಮುಗಿದ ಮೇಲೆ ಹಿಂತಿರುಗಿ ಬಂದು, ದಾರಿ ಬಿಟ್ಟವರನ್ನು ಒಂದು ಮಾತು ಕೇಳಬೇಕು: ನೀವು ಏನನ್ನು ನೋಡುತ್ತಿದ್ದಿರಿ?